ಹಾವು ಬಂದರೆ ಹತ್ತು, ಬಾಚಣಿಗೆ ಬಂದರೆ ಬಿಡು

ನಾನು ಯಾವ ಶಾಲೆಯಲ್ಲೂ ಟೀಚರ್ ಆಗಿರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಹೋದ ಬೇಸಿಗೆಯಲ್ಲಿ ಎರಡು ದಿವಸದ ಮಟ್ಟಿಗೆ ಒಂದು ಕಾಗದದಲ್ಲಿ ನಾನು ಟೀಚರ್ ಆಗಿದ್ದೆ. ಬರೇ ಟೀಚರ್ ಅಲ್ಲ, ಮೂವತ್ತು ವರ್ಷ ಪಾಠ ಹೇಳಿ ರಿಟೈರ್ ಆದ ಹೆಡ್ ಟೀಚರ್. ಕಾಗದ ದಪ್ಪದ್ದು, ಬೆಳ್ಳಗಿನದ್ದು, ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು.

ನಾನು ಓದಿದ್ದು ಉಡುಪಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಮೂರನೇ ಕ್ಲಾಸು. ಅದೂ ಪೂರ್ತಿಯಲ್ಲ. ನವರಾತ್ರಿ ರಜೆಗೆ ಮನೆಗೆ ಬಂದವಳು ತಿರುಗಿ ಹೋಗಲಿಲ್ಲ. ತಮ್ಮ ಹುಟ್ಟಿದ್ದ, ತೊಟ್ಟಿಲು ತೂಗಲಿಕ್ಕೆ ಜನ ಬೇಕಿತ್ತು. ನನ್ನ ಸ್ಲೇಟನ್ನು ಅಮ್ಮ ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿದಳು. ಒಳ್ಳೆ ಮುಚ್ಚಳವೇ ಆಯಿತು, ಸುಳ್ಳು ಹೇಳಬಾರದು.

ಈಗ ನನಗೆ ಎಪ್ಪತ್ತೊಂದು. ಇದನ್ನು ನಾನೇ ಬರೆಯುತ್ತಿದ್ದೇನೆ, ನನ್ನದೇ ಕೈಯಲ್ಲಿ, ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ, ನಾನಂತೂ ನಿಲ್ಲಿಸುವವಳಲ್ಲ. ಉಕ್ಕುವ ಗಂಜಿಯನ್ನು ಮುಚ್ಚಿಟ್ಟರೆ ಒಲೆಯೇ ಆರಿಹೋಗುತ್ತದೆ.

ಮೊಮ್ಮಗಳು ಎಂದರೆ ನನ್ನ ಒಬ್ಬನೇ ಮಗನ ಒಬ್ಬಳೇ ಮಗಳು. ನಮ್ಮ ಕಡೆ ಪುಳ್ಳಿ ಎನ್ನುತ್ತೇವೆ. ಹುಟ್ಟಿದ್ದು ಇಲ್ಲೇ, ಮುಂಬಯಿ ಕಡೆ. ತುಳು, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಸಿಟ್ಟು ಬಂದರೆ ಮರಾಠಿ. ನನ್ನ ಹತ್ತಿರ ಮಾತಾಡುವಾಗ ಎಲ್ಲವನ್ನೂ ಕಲಸಿ ಕೊಡುತ್ತಾಳೆ, ಇಲ್ಲಿಯ ಹೋಟೆಲಿನ ಮಿಸಳದ ಹಾಗೆ. ಬಿ.ಎ. ಮುಗಿಸಿದ್ದಾಳೆ. ಟೀಚರ್ ಆಗಬೇಕು ಎಂದು ಹಟ. ಕಲ್ಯಾಣದ ಒಂದು ಕಾಲೇಜಿನಲ್ಲಿ ಟೀಚರ್ ಟ್ರೈನಿಂಗ್ ಉಂಟು. ಅಲ್ಲಿಗೆ ಮಾರ್ಕು ಮಾತ್ರ ಸಾಲದು. ನಾನು ಯಾಕೆ ಟೀಚರ್ ಆಗಬೇಕು ಅಂತ ಸ್ವಂತ ಮಾತಿನಲ್ಲಿ ಒಂದು ಪುಟ ಬರೆದು ಫಾರ್ಮಿನ ಜೊತೆ ಕೊಡಬೇಕು. ಆಮೇಲೆ ಕರೆದು ಕೂರಿಸಿ ಆ ಪುಟದ ಮೇಲೆಯೇ ಪ್ರಶ್ನೆ ಕೇಳುತ್ತಾರೆ.

ಅದರ ಹಿಂದಿನ ವರ್ಷವೂ ಫಾರ್ಮು ತುಂಬಿದ್ದಳು. ‘ನನಗೆ ಮಕ್ಕಳೆಂದರೆ ಬಹಳ ಇಷ್ಟ’ ಅಂತ ಬರೆದಿದ್ದಳಂತೆ. ಇಂಟರ್‌ವ್ಯೂನಲ್ಲಿ, “ಇಷ್ಟ ಸರಿ, ಯಾರಿಗಾದರೂ ಏನಾದರೂ ಕಲಿಸಿದ್ದೀಯಾ?” ಎಂದು ಕೇಳಿದರು. ಇವಳು ಇಲ್ಲ ಎಂದಳು. ಲಿಸ್ಟಿನಲ್ಲಿ ಹೆಸರು ಬರಲಿಲ್ಲ. ಒಂದು ವರ್ಷ ಘಣಸೋಲಿಯ ಆಫೀಸೊಂದರಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಫೋನಿನಲ್ಲಿ ಯಾರ್ಯಾರದೋ ಬೈಗುಳ ಕೇಳಿದಳು. ಈ ಸಲವೂ ಆಗದಿದ್ದರೆ ಕಾಯಂ ಅಲ್ಲಿಯೇ ಇದ್ದುಬಿಡುತ್ತೇನೆ, ಟೀಚರ್ ಮಾತು ಇನ್ನು ಎತ್ತುವುದಿಲ್ಲ ಎಂದಳು. ಹಾಗೆ ಹೇಳುವಾಗ ಅವಳು ತಟ್ಟೆಯಲ್ಲಿದ್ದ ಕುಚ್ಚಲಕ್ಕಿ ಅನ್ನದ ಒಂದೊಂದೇ ಅಗುಳನ್ನು ಬೆರಳಲ್ಲಿ ಒತ್ತುತ್ತಿದ್ದಳು. ಉಣ್ಣಲಿಲ್ಲ.

ನನ್ನ ಮಗ ಘಣಸೋಲಿಯಲ್ಲಿ ಒಂದು ವೆಜ್ ಹೋಟೆಲಿನ ಪಾರ್ಟ್ನರ್. ಬೆಳಿಗ್ಗೆಯಿಂದ ಸಂಜೆಯವರೆಗೆ ಕೌಂಟರಿನಲ್ಲಿ. ಜನ ನೋಡಿ ಜನ ನೋಡಿ, ಯಾವ ಕೆಲಸಕ್ಕೂ ಒಬ್ಬ ಮನುಷ್ಯ ಇದ್ದಾನೆ ಎಂದು ನಂಬಿದವನು. ಥಾಣೆಯಲ್ಲಿ ಇಂಥ ಪುಟಗಳನ್ನು ಬರೆದುಕೊಡುವವನೊಬ್ಬನನ್ನು ಹಿಡಿದ. ಮಗಳ ಮಾರ್ಕ್ಸ್ ಕಾರ್ಡು ಕೊಟ್ಟ, ಪುಟ ತಂದ. ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಇಟ್ಟು, “ಓದು, ಅಜ್ಜಿಯೂ ಕೇಳಲಿ,” ಎಂದ. ಹೆಮ್ಮೆ ಅವನಿಗೆ.

ಅವಳು ಒಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ನನಗೆ ಅರ್ಥ ಹೇಳುವುದು. ಜ್ಞಾನದ ದೀಪ ಬಂತು. ದೇಶದ ಭವಿಷ್ಯ ಬಂತು. ಪಾಠ ಹೇಳುವುದು ನಮ್ಮ ರಕ್ತದಲ್ಲೇ ಉಂಟು ಅಂತ ಬಂತು. ಆಮೇಲೆ ನಿಂತಳು.

“ಮುಂದೆ?” ಎಂದೆ.

“ಕುಛ್ ನಹೀಂ ಅಜ್ಜಿ,” ಏನೂ ಇಲ್ಲ ಎಂದಳು.

“ಓದು ಮಾರಾಯ್ತಿ. ರಕ್ತ ಅರ್ಧದಲ್ಲಿ ನಿಲ್ಲಬಾರದು.”

ಓದಿದಳು. ಅಜ್ಜಿ ಹೆಡ್ ಟೀಚರ್ ಆಗಿದ್ದರು, ಅವರ ಮಡಿಲಲ್ಲಿ ಕೂತು ನಾನು ಮೊದಲ ಅಕ್ಷರ ಕಲಿತೆ, ಅವರ ವಿದ್ಯಾರ್ಥಿಗಳು ಇಂದಿಗೂ ಬಂದು ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. “ಯಾರೂ ಬಂದದ್ದು ಕಾಣೆನಲ್ಲ! ಬಾಗಿಲು ಹಾಕಿತ್ತೋ ಏನೋ,” ಎಂದೆ. ನಗು ಮುಗಿದ ಮೇಲೆ ಆ ಹಾಳೆಯನ್ನು ಮಗನ ಕಡೆ ತಳ್ಳಿದೆ.

“ಇದನ್ನು ತೆಗೆಸು,” ಎಂದೆ ಮಗನಿಗೆ.

“ಅಮ್ಮ, ಎಲ್ಲರೂ ಹೀಗೇ ಬರೆಸುವುದು. ಯಾರು ಬಂದು ನೋಡ್ತಾರೆ? ಕೂತಲ್ಲೇ ನಿಮಗೆ ಪ್ರಮೋಷನ್ ಸಿಕ್ಕಿತಲ್ಲ, ಸುಮ್ಮನಿರಿ.”

“ನಾನು ಒಪ್ಪುವುದಿಲ್ಲ.”

“ನಿಮ್ಮ ಒಪ್ಪಿಗೆ ಯಾಕೆ? ಸೀಟು ಅವಳದ್ದು.”

“ಅದರಲ್ಲಿ ಇರುವ ಅಜ್ಜಿ ನಾನಲ್ಲವಾ?”

ಮಗ ಕುರ್ಚಿ ಹಿಂದೆ ತಳ್ಳಿದ. “ಮತ್ತೆ ಎಂತ ಬರೆಯುವುದು? ಅಜ್ಜಿ ಮೂರನೇ ಕ್ಲಾಸು, ಅಜ್ಜ ಹೋಟೆಲಿನ ಅಡುಗೆಯವರು, ಅಪ್ಪ ಹತ್ತನೇ ಫೇಲು, ಇದನ್ನಾ? ಈ ಮನೆಗೆ ವಿದ್ಯೆಯ ಗಾಳಿಯೇ ಬೀಸಿಲ್ಲ ಅಂತ ಹೊರಗೆ ಹಾಕ್ತಾರೆ.”

“ಹಾಕಲಿ. ಹಾಕುವುದಾದರೆ ನನ್ನನ್ನೇ ನೋಡಿ ಹಾಕಲಿ. ನಾನಲ್ಲದ ಯಾವಳನ್ನೋ ಒಳಗೆ ಕರೆದು ಕುರ್ಚಿ ಕೊಡುವುದು ಬೇಡ.”

ಆಗ ಪುಳ್ಳಿ ಬಾಯಿ ತೆರೆದಳು. “ಅಜ್ಜಿ, ತೂ ಗಪ್ಪ ಬಸ್!” ನೀನು ಬಾಯಿಮುಚ್ಚಿ ಕೂರು ಎಂದು ಮರಾಠಿ. ಕಣ್ಣು ತುಂಬಿತ್ತು. “ಹೋದ ವರ್ಷ ನಿಜ ಹೇಳಿದ್ದೆ. ಯಾರಿಗಾದ್ರೂ ಕಲಿಸಿದ್ದೀಯಾ ಕೇಳಿದ್ರು, ಇಲ್ಲ ಅಂದೆ. ಏನು ಸಿಕ್ಕಿತು?”

ನಾನು ಎದ್ದು ನಿಂತೆ. ಮಂಡಿ ನೋವಿನವಳು ಹೇಗೆ ಎದ್ದೆನೋ ಗೊತ್ತಿಲ್ಲ. “ನಿಜ ಹೇಳಿದೆಯಾ? ಇಲ್ಲ ಅಂದದ್ದೇ ಸುಳ್ಳು. ದಿವಾ ಮರೆತೆಯಾ? ಹಾವು ಮರೆತೆಯಾ?”

ಮಗ ನನ್ನ ಹಣೆ ಮುಟ್ಟಿ ನೋಡಲಿಕ್ಕೆ ಬಂದ, ಜ್ವರ ಅಂತ. ಅವಳು ಮಾತ್ರ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

ಹಾವಿನ ವಿಷಯ ಈಗ ಹೇಳಬೇಕು. ಆಗ ನಾವು ಥಾಣೆಗೂ ಡೊಂಬಿವಲಿಗೂ ನಡುವಿನ ದಿವಾದಲ್ಲಿ ಇದ್ದೆವು, ಒಂದೇ ಕೋಣೆ. ನನ್ನ ಯಜಮಾನರು ಥಾಣೆಯ ಕೋಪರಿಯಲ್ಲಿ, ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದೇ ಅಡುಗೆಮನೆಯಲ್ಲಿ ನನಗೆ ಕೆಲಸ ಕೊಟ್ಟರು. ತೆಂಗಿನಕಾಯಿ ತುರಿಯುವುದು, ತರಕಾರಿ ಹೆಚ್ಚುವುದು. ಹೋಗುವಾಗ ತೊಂದರೆ ಇಲ್ಲ. ದಿವಾದಲ್ಲಿ ನಿಲ್ಲುವ ಲೋಕಲ್ ಗಾಡಿಯೆಲ್ಲ ಥಾಣೆಯಲ್ಲಿ ನಿಲ್ಲುತ್ತದೆ. ಬರುವಾಗಲೇ ಕಷ್ಟ. ಆಗ ಫಾಸ್ಟ್ ಗಾಡಿ ದಿವಾದಲ್ಲಿ ನಿಲ್ಲುತ್ತಿರಲಿಲ್ಲ. ಹತ್ತಿದರೆ ನನ್ನ ಮನೆಯನ್ನು ಕಿಟಕಿಯಲ್ಲಿ ತೋರಿಸಿ ಸೀದಾ ಡೊಂಬಿವಲಿಗೆ ಒಯ್ಯುತ್ತಿತ್ತು. ಯಾವುದು ಸ್ಲೋ, ಯಾವುದು ಫಾಸ್ಟ್ ಎಂದು ಪ್ಲಾಟ್‌ಫಾರಂನ ಮೇಲೆ ತೂಗುವ ಬೋರ್ಡಿನಲ್ಲಿ ಬರುತ್ತದೆ. ನನಗೆ ಕನ್ನಡ ಅಕ್ಷರ ಬಿಟ್ಟು ಬೇರೆ ಬಾರದು. ಅವರಿವರನ್ನು ಕೇಳುತ್ತಿದ್ದೆ. ಕೆಲವರು ಹೇಳುತ್ತಿದ್ದರು. ಕೆಲವರು ನನ್ನ ಕೈಯ ತೆಂಗಿನ ವಾಸನೆಗೆ ಮುಖ ತಿರುಗಿಸುತ್ತಿದ್ದರು.

ಒಂದು ದಿವಸ ಹೀಗೇ ಡೊಂಬಿವಲಿಗೆ ಹೋಗಿ ತಿರುಗಿ ಬಂದೆ. ಪುಳ್ಳಿಗೆ ಒಂಬತ್ತು ವರ್ಷ. ವಿಷಯ ಕೇಳಿದವಳು ತನ್ನ ಪ್ಲಾಸ್ಟಿಕ್ ಸ್ಲೇಟು ತಂದಳು. ಇಂಗ್ಲಿಷಿನ ಎರಡೇ ಅಕ್ಷರ ಬರೆದಳು, ಎಸ್ ಮತ್ತು ಎಫ್. “ಅಜ್ಜಿ, ಇದು ಹಾವು. ಸ್ಲೋ. ಇದು ಮುರಿದ ಬಾಚಣಿಗೆ. ಫಾಸ್ಟ್. ಹಾವು ಬಂದ್ರೆ ಹತ್ತು, ಬಾಚಣಿಗೆ ಬಂದ್ರೆ ಬಿಡು.” ನಾನು ಮೂರು ದಿವಸ ಕಾಯಿ ತುರಿಯುವಾಗಲೂ ಹಾವು ಬಾಚಣಿಗೆ, ಹಾವು ಬಾಚಣಿಗೆ ಎಂದುಕೊಂಡೆ. ಮನೆಯಲ್ಲಿ ಎಷ್ಟು ಸಲ ಕೇಳಿದರೂ ಸರಿ ಹೇಳಿದೆ. ಅವಳು ಬೆನ್ನು ತಟ್ಟಿದಳು, ಅವಳ ಮಿಸ್ ತಟ್ಟುವ ಹಾಗೆ.

ನಾಲ್ಕನೇ ದಿವಸ ಥಾಣೆಯಲ್ಲಿ ನಿಂತು ಬೋರ್ಡು ನೋಡುತ್ತೇನೆ, ಹಾವೂ ಇಲ್ಲ, ಬಾಚಣಿಗೆಯೂ ಇಲ್ಲ! ಎಂಥದೋ ಮೇಲೆ ಗೆರೆ ಎಳೆದ ನಾಗರಿ ಅಕ್ಷರ. ಅಷ್ಟರಲ್ಲಿ ಗಾಡಿ ಬೇರೆ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಕೂಗಿದರು. ಜನ ಸೇತುವೆ ಹತ್ತಿ ಓಡಿದರು, ನಾನೂ ಓಡಿದೆ. ಹೆಂಗಸರ ಡಬ್ಬಿಯೊಳಗೆ ನನ್ನನ್ನು ಯಾರೋ ತಳ್ಳಿದರು. ಫಾಸ್ಟು. ಡೊಂಬಿವಲಿಯಲ್ಲಿ ಇಳಿಯಲಿಕ್ಕೂ ಜನ ಬಿಡಲಿಲ್ಲ, ಅದರಾಚೆಯ ಕಲ್ಯಾಣ ಕಂಡೆ. ಮನೆಗೆ ಬರುವಾಗ ಸೀರೆಯ ನೆರಿಗೆ ಬಿಚ್ಚಿತ್ತು, ಒಂದು ಚಪ್ಪಲಿಯ ಬಾರು ಹರಿದಿತ್ತು.

ಬಾಗಿಲಲ್ಲಿ ಪುಳ್ಳಿ ಕುಣಿಯುತ್ತಾ ನಿಂತಿದ್ದಳು. “ಅಜ್ಜಿ, ಹಾವು ಸಿಕ್ತಾ?”

ನಾನು ಏನು ಮಾಡಿದೆ ಎಂದು ಬರೆಯಲೇಬೇಕು. “ನಿನ್ನ ಪಾಠಕ್ಕೆ ಬೆಂಕಿ ಬೀಳಲಿ!” ಎಂದೆ. ಸ್ಲೇಟನ್ನು ಕಿತ್ತು ನೆಲಕ್ಕೆ ಬಡಿದೆ. ಪ್ಲಾಸ್ಟಿಕ್ಕಿನದ್ದು, ಒಡೆಯಲಿಲ್ಲ. ಆ ಸಿಟ್ಟಿಗೆ ಇನ್ನೊಮ್ಮೆ ಬಡಿದೆ.

ಮಗು ಅಳಲಿಲ್ಲ. ಸ್ಲೇಟು ಎತ್ತಿಕೊಂಡು ಮೂಲೆಯಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ, “ಅಲ್ಲಿ ನಿಂಗೆ ಏನು ಕಾಣಿಸ್ತು, ಅದನ್ನು ಹೇಳು,” ಎಂದಳು. ಹೇಳಿದೆ. ಆ ಭಾನುವಾರ ನನ್ನ ಕೈ ಹಿಡಿದು ಥಾಣೆಗೆ ಕರೆದುಕೊಂಡು ಹೋದಳು. ಜೊತೆಗೆ ಒಂದು ಡಬ್ಬಿ ಅವಲಕ್ಕಿ. ಬೆಂಚಿನ ಮೇಲೆ ಕೂತೆವು. “ಇವತ್ತು ಹತ್ತೋದಿಲ್ಲ. ನೋಡೋದು ಮಾತ್ರ,” ಎಂದು ಅಪ್ಪಣೆ.

ಕೂತು ನೋಡಿದೆವು. ಬೋರ್ಡಿನಲ್ಲಿ ಮೊದಲು ಮರಾಠಿ ಬರುತ್ತದೆ, ಹೋಗುತ್ತದೆ. ಹಿಂದಿ ಬರುತ್ತದೆ, ಹೋಗುತ್ತದೆ. ಆಮೇಲೆ ಇಂಗ್ಲಿಷ್ ಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿಹೋಗುತ್ತದೆ. ನಾಲ್ಕೈದು ಗಾಡಿ ಹೋದ ಮೇಲೆ ಅವಳು ಅವಲಕ್ಕಿ ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಅಜ್ಜಿ, ನಿಂದು ತಪ್ಪಲ್ಲ. ನನ್ನದು. ನಾನು ನಿಂತ ಹಾವು ಕಲಿಸಿದೆ. ಇಲ್ಲಿ ಹಾವು ಓಡ್ತದೆ.”

ನೋಡಿ, ನನ್ನ ಪ್ರಾಯ ಆಗ ಐವತ್ತೇಳೋ ಐವತ್ತೆಂಟೋ. ಅಷ್ಟು ವರ್ಷದಲ್ಲಿ ನನಗೆ ಕಲಿಸಿದವರು ಬಹಳ ಮಂದಿ. ಶಾಲೆಯ ಮಾಸ್ಟರು ಬೆತ್ತದಲ್ಲಿ ಕಲಿಸಿದರು, ಅತ್ತೆ ಸೌಟಿನಲ್ಲಿ ಕಲಿಸಿದರು, ಮುಂಬಯಿ ಮೊಣಕೈಯಲ್ಲಿ ಕಲಿಸಿತು. ನಿನಗೆ ಬಾರದ್ದಕ್ಕೆ ತಪ್ಪು ನನ್ನದು ಎಂದು ಯಾರೂ ಹೇಳಿರಲಿಲ್ಲ. ಹೇಳಬಹುದು ಎಂದೂ ನನಗೆ ಗೊತ್ತಿರಲಿಲ್ಲ.

ಆಮೇಲೆ ಅವಳು ಪಾಠವನ್ನೇ ಬದಲಾಯಿಸಿದಳು. ಮೊದಲ ಎರಡು ಸರದಿ ನಮ್ಮದಲ್ಲ, ಅದಕ್ಕೆ ಹೆದರಬೇಡ, ಅವಲಕ್ಕಿ ತಿನ್ನು. ಮೂರನೇ ಸರದಿ ಬಂತೋ, ಬೇರೆ ಎಲ್ಲಿಯೂ ನೋಡಬೇಡ, ಕೊನೆಯ ಅಕ್ಷರ ಮಾತ್ರ ನೋಡು. ಜನ ಓಡಿದರೆ ಓಡಲಿ, ಗಾಡಿ ಇನ್ನೊಂದು ಬರ್ತದೆ. ಹೀಗೆ ಇಪ್ಪತ್ತು ಗಾಡಿ ಕೂಗಿಸಿದಳು. ಹಾವು! ಬಾಚಣಿಗೆ! ಹಾವು! ಪಕ್ಕದಲ್ಲಿ ಕೂತಿದ್ದ ಮೀನಿನ ಬುಟ್ಟಿಯ ಹೆಂಗಸು ಮೊದಲು ನಕ್ಕಳು, ಕೊನೆಗೆ ಅವಳೂ ಕೂಗಿದಳು. ಸೋಮವಾರ ನಾನು ಒಬ್ಬಳೇ ಥಾಣೆಯಿಂದ ದಿವಾಕ್ಕೆ ಬಂದೆ. ಆಮೇಲೆ ತಪ್ಪಲಿಲ್ಲ.

ಇದನ್ನೆಲ್ಲ ಆ ದಿವಸ ಮೇಜಿನ ಮುಂದೆ ನಿಂತು ಹೇಳಿದೆ. ಮಗನಿಗೆ ಗೊತ್ತೇ ಇರಲಿಲ್ಲ, ಆಗಲೂ ಅವನು ಕೌಂಟರಿನಲ್ಲಿ. “ಕಥೆ ಚಂದ ಉಂಟಮ್ಮ. ಆದರೆ ಎರಡು ಅಕ್ಷರ ಕಲಿಸಿದ್ದಕ್ಕೆ ಕಾಲೇಜಿನವರು ಸೀಟು ಕೊಡ್ತಾರಾ? ನಗ್ತಾರೆ,” ಎಂದ.

“ನಗಲಿ. ಹಲ್ಲು ಅವರದ್ದು,” ಎಂದೆ.

ಪುಳ್ಳಿ ಮಾರನೇ ದಿವಸ ಆಫೀಸಿಗೆ ರಜೆ ಹಾಕಿದಳು. ಬಾಲ್ಕನಿಯಲ್ಲಿ ತರಕಾರಿ ಹೆಚ್ಚುವ ಮೆಟ್ಟುಗತ್ತಿ ಮಣೆ ಮೇಲೆ ಕೂತು ಬರೆದಳು, ಹರಿದಳು, ಬರೆದಳು. ಸಂಜೆಗೆ ಓದಿ ಹೇಳಿದಳು. ಚೆನ್ನಾಗಿತ್ತು. ಬೆಂಚು ಇತ್ತು, ಅವಲಕ್ಕಿ ಇತ್ತು, ಓಡುವ ಹಾವು ಇತ್ತು. ಆದರೆ ಒಂದು ಕಡೆ ಹಾರಿಸಿದ್ದಳು. ಅಜ್ಜಿ ದಾರಿ ತಪ್ಪಿ ಬಂದರು, ಭಾನುವಾರ ನಾವು ಸ್ಟೇಷನ್‌ಗೆ ಹೋದೆವು, ಅಷ್ಟೇ.

“ಸ್ಲೇಟು ಎಲ್ಲಿ?” ಎಂದೆ.

“ರೆಹನೇ ದೋ ಅಜ್ಜಿ, ಬಿಟ್ಟುಬಿಡು. ನೀನು ಹಾಗೆ ಮಾಡಿದ್ದು ಯಾಕೆ ಬರೀಬೇಕು?”

“ಬರಿ.”

“ಅವರು ನಿನ್ನ ಬಗ್ಗೆ ಏನು ತಿಳ್ಕೊಳ್ತಾರೆ?”

“ಮುಂಗೋಪಿ ಮುದುಕಿ ಅಂತ ತಿಳ್ಕೊಳ್ಳಲಿ. ಅದು ನನ್ನ ಮರ್ಯಾದೆ, ನಾನು ನೋಡಿಕೊಳ್ತೇನೆ. ಎರಡು ಸಲ ಬಡಿದೆ, ಎರಡು ಅಂತಲೇ ಬರಿ. ಹೆಡ್ ಟೀಚರ್ ಮಾಡಿದಾಗ ಕೇಳದವರು ಈಗ ನನ್ನನ್ನು ಸಾಧು ಮಾಡುವುದು ಬೇಡ.”

ಬರೆದಳು. ಬರೆಯುವಾಗ ಮುಖ ಗಂಟು. ಫಾರ್ಮಿನ ಜೊತೆ ಆ ಪುಟವೇ ಹೋಯಿತು.

ಇಂಟರ್‌ವ್ಯೂಗೆ ಕಲ್ಯಾಣಕ್ಕೆ ನಾನೂ ಹೊರಟೆ. ಬೇಡ ಎಂದರು, ಕೇಳಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಕೂತೆ. ಪಕ್ಕದಲ್ಲಿ ಒಬ್ಬರು ತಾಯಿ, ಮಗಳಿಗೆ ಕೊನೇ ಗಳಿಗೆಯಲ್ಲೂ ಜ್ಞಾನದ ದೀಪ ಬಾಯಿಪಾಠ ಮಾಡಿಸುತ್ತಿದ್ದರು. ಅದೇ ದೀಪ, ಅದೇ ಭವಿಷ್ಯ! ಥಾಣೆಯವನು ಎಷ್ಟು ಮನೆಗೆ ಒಂದೇ ಎಣ್ಣೆ ಹೊಯ್ದಿದ್ದನೋ.

ಪುಳ್ಳಿ ಒಳಗೆ ಹೋಗಿ ಸ್ವಲ್ಪ ಹೊತ್ತಾಯಿತು. ಬಾಗಿಲು ತೆರೆಯಿತು. ಒಬ್ಬರು ಮೇಡಂ ಹೊರಗೆ ತಲೆ ಹಾಕಿ ಮರಾಠಿಯಲ್ಲಿ ಕೇಳಿದರು, “ದಿವಾದ ಅಜ್ಜಿ ಯಾರು?”

ಸೆರಗು ಸರಿಮಾಡಿಕೊಂಡು ಎದ್ದೆ.

ಒಳಗೆ ಮೇಜಿನ ಆಚೆ ಮೇಡಂ ಮತ್ತು ಒಬ್ಬರು ಕನ್ನಡಕದ ಸರ್. ಈಚೆ ಪುಳ್ಳಿ, ಕುತ್ತಿಗೆ ಕೆಂಪಾಗಿತ್ತು. ಸರ್ ಒಳ್ಳೆ ಮಾತಿನವರೇ, ಆದರೆ ನಂಬದವರು. “ಆಜೀ, ಕೂತುಕೊಳ್ಳಿ. ಇಲ್ಲಿಗೆ ಬರುವವರೆಲ್ಲ ಚಂದದ ಕಥೆ ತರುತ್ತಾರೆ. ಬೆಳಿಗ್ಗೆಯಿಂದ ಮೂರು ಅಜ್ಜಂದಿರು, ಎರಡು ಅಜ್ಜಿಯರು ಬಂದು ಹೋದರು, ಕಾಗದದಲ್ಲಿ. ಈ ಹುಡುಗಿ ತನ್ನ ವಿದ್ಯಾರ್ಥಿ ಹೊರಗೇ ಕೂತಿದ್ದಾರೆ ಎಂದಳು. ಒಂದೇ ಪ್ರಶ್ನೆ ಕೇಳುತ್ತೇನೆ. ನೀನು ಮಾತಾಡಬೇಡಮ್ಮಾ.” ಕೊನೆಯದು ಪುಳ್ಳಿಗೆ.

“ಕೇಳಿ,” ಎಂದೆ ನನ್ನ ಹರಕು ಮರಾಠಿಯಲ್ಲಿ.

“ಕಲ್ಯಾಣದವರೆಗೆ ಹೋಗಿ ಮನೆಗೆ ಬಂದಿರಲ್ಲ, ಆ ದಿವಸ ಇವಳಿಗೆ ಏನು ಹೇಳಿದಿರಿ?”

ಪುಳ್ಳಿ ತಲೆ ತಗ್ಗಿಸಿದಳು. ನಾನು ತಗ್ಗಿಸಲಿಲ್ಲ. “ನಿನ್ನ ಪಾಠಕ್ಕೆ ಬೆಂಕಿ ಬೀಳಲಿ ಎಂದೆ ಸರ್. ಸ್ಲೇಟು ನೆಲಕ್ಕೆ ಬಡಿದೆ. ಪ್ಲಾಸ್ಟಿಕ್ಕಿನದ್ದು, ಒಡೆಯಲಿಲ್ಲ. ಅದಕ್ಕೆ ಮತ್ತೊಮ್ಮೆ ಬಡಿದೆ.”

ಸರ್ ಬೆರಳನ್ನು ಪುಟದ ಮೇಲೆ ಇಟ್ಟು ಸಾಲು ಹುಡುಕಿದರು. ಸಿಕ್ಕಿತು. ಪುಟವನ್ನು ಮೇಡಂ ಕಡೆ ತಳ್ಳಿದರು. ಮೇಡಂ ಓದಿ, ನಗು ತಡೆಯಲಿಕ್ಕೆ ನೀರು ಕುಡಿದರು.

“ಇದನ್ನು ಬರೆಯಲು ಇವಳಿಗೆ ಸಂಕೋಚ ಆಗಲಿಲ್ಲವೆ?”

“ಆಯಿತು. ಬಿಟ್ಟೇ ಬರೆದಿದ್ದಳು. ನಾನು ಹಟ ಹಿಡಿದು ಹಾಕಿಸಿದೆ.”

“ಯಾಕೆ?”

“ಕಲಿಯುವವಳು ಸ್ಲೇಟು ಬಡಿದ ಮೇಲೆ ಕಲಿಸುವವಳು ಏನು ಮಾಡಿದಳು, ಅದು ಬೇಡವೇ ನಿಮಗೆ? ನಾನು ಸಾಧು ಆಗಿದ್ದರೆ ಇವಳು ಮಾಡಿದ್ದರಲ್ಲಿ ಎಂತ ದೊಡ್ಡಸ್ತಿಕೆ ಉಂಟು?” ಆವೇಶದಲ್ಲಿ ಅರ್ಧ ಮರಾಠಿ, ಅರ್ಧ ತುಳು ಆಯಿತು. ಪುಳ್ಳಿ ಮೆಲ್ಲಗೆ ಅನುವಾದ ಮಾಡಿದಳು. ಮಾತಾಡಬೇಡ ಎಂದು ಸರ್ ಈಗ ಹೇಳಲಿಲ್ಲ. ಹೊರಡುವಾಗ ನಾನು ತಡೆಯಲಾರದೆ ಹೇಳಿದೆ, “ನಾನು ಮೂರನೇ ಕ್ಲಾಸು ಸರ್. ಅದನ್ನೂ ಬರೆದಿದ್ದಾಳಲ್ಲ?” ಸರ್ ಬರೆದಿದ್ದಾಳೆ ಎಂದರು.

ಹೊರಗೆ ಬಂದ ಮೇಲೆ ಪುಳ್ಳಿ ನನ್ನ ಸೊಂಟ ಹಿಡಿದು ನಿಂತಳು, ಸ್ಟೇಷನ್ ಬರುವವರೆಗೂ ಬಿಡಲಿಲ್ಲ.

ಹನ್ನೊಂದು ದಿವಸ ಬಿಟ್ಟು, ಸಂಜೆಯ ಹೊತ್ತು, ಅವಳು ಆಫೀಸಿನಿಂದ ಫೋನ್ ಮಾಡಿದಳು. ಮಾತೇ ಇಲ್ಲ, ಬರೇ ಚೀರುವುದು. ನಾನೂ ಇಲ್ಲಿಂದ ಚೀರಿದೆ. ಎದುರು ಮನೆಯವರು ಬೆಲ್ ಮಾಡಿದರು, ಏನಾಯಿತು ಅಂತ. “ನನ್ನ ಟೀಚರಿಗೆ ಸೀಟು ಸಿಕ್ಕಿತು!” ಎಂದೆ. ಅವರಿಗೆ ತಲೆಬುಡ ಅರ್ಥವಾಗಿರಲಿಕ್ಕಿಲ್ಲ. ಆಗದಿದ್ದರೆ ಆಗದಿರಲಿ, ಅವರ ಕೈಗೂ ಸಕ್ಕರೆ ಹಾಕಿ ಕಳಿಸಿದೆ.

ಗೋಳಿಬಜೆ ಮಾಡಿದೆ. ಮೈದಾ ಕಲಸಿ ನೆನೆಯಲಿಕ್ಕೆ ಬಿಡುವಷ್ಟು ತಾಳ್ಮೆಯೂ ಇಲ್ಲ, ಹುಳಿ ಮೊಸರು ಜಾಸ್ತಿ ಸುರಿದೆ. ಮೊದಲ ಒಬ್ಬೆ ಎಣ್ಣೆಯಿಂದ ತೆಗೆದೆ, ಇಡಲಿಕ್ಕೆ ಕಾಗದ ಇಲ್ಲ. ಈಗ ಮನೆಗೆ ಪೇಪರು ಬರುವುದಿಲ್ಲ, ಮಗ ಎಲ್ಲ ಫೋನಿನಲ್ಲೇ ಓದುತ್ತಾನೆ. ಹುಡುಕಿದಾಗ ಫ್ರಿಜ್ಜಿನ ಮೇಲೆ ಆ ದಪ್ಪ ಬಿಳಿ ಹಾಳೆ ಕಂಡಿತು. ತಟ್ಟೆಯಲ್ಲಿ ಹಾಸಿದೆ. ಒಳ್ಳೆ ಹಾಳೆ, ಎಣ್ಣೆಯನ್ನು ಚೆನ್ನಾಗಿ ಹೀರಿತು. ಜ್ಞಾನದ ದೀಪಕ್ಕೆ ಅಂತೂ ಎಣ್ಣೆ ಬಿತ್ತು.

ಮಗ ಹೋಟೆಲಿನಿಂದ ಬೇಗ ಬಂದ. ಕಾಲು ತೊಳೆದು ಸೀದಾ ಅಡುಗೆಮನೆಗೆ ಬಂದು ಬಿಸಿ ಗೋಳಿಬಜೆ ಎತ್ತಿದ. ಕೆಳಗಿನ ಹಾಳೆ ನೋಡಿದ.

“ಅಮ್ಮ, ಇದು ಆ ಥಾಣೆಯವನ ಪುಟ ಅಲ್ಲವಾ?”

“ಹೌದು. ನಿನ್ನ ಹೆಡ್ ಟೀಚರು. ಪಾಪ, ಮೂವತ್ತು ವರ್ಷದ ಸರ್ವಿಸಿನಲ್ಲಿ ಇವತ್ತು ಒಂದು ಕೆಲಸ ಮಾಡಿದಳು.”

ಅವನು ಏನೋ ಹೇಳಲಿಕ್ಕೆ ಬಾಯಿ ತೆರೆದ. ಗೋಳಿಬಜೆ ಬಿಸಿ ಇತ್ತು, ನಾಲಿಗೆ ಸುಟ್ಟುಕೊಂಡ. ಕಣ್ಣು ಒರೆಸಿಕೊಂಡು, “ಚಟ್ನಿ ಎಲ್ಲಿ?” ಎಂದ.

“ಕಾಯಿ ತುರಿದು ಇಟ್ಟಿದ್ದೇನೆ. ನೀನೇ ರುಬ್ಬು. ನಾನು ಸ್ಟೇಷನ್‌ಗೆ ಹೋಗಿ ಅವಳನ್ನು ಕರೆದುಕೊಂಡು ಬರುತ್ತೇನೆ,” ಎಂದು ಚಪ್ಪಲಿ ಮೆಟ್ಟಿದೆ.